ಸೆಲ್ಲಿನ ಕಡ್ಡಿ

ನ್ಹಾವಾ ಶೇವಾ ಬಂದರಿನಿಂದ ಟೆಂಪೋ ಹತ್ತಿ ಬಂತು
ಐವತ್ತನಾಲ್ಕನೇ ಇಸವಿಯ ಮ್ಯಾಚ್‌ಲೆಸ್.
ನಾನಾ ಪೇಟೆಯ ನನ್ನ ಅಂಗಡಿಯ ಮುಂದೆ
ಹಗ್ಗ ಬಿಚ್ಚುವ ಮೊದಲೇ ಎರಡು ಹನಿ ಆಯಿಲ್ ಉದುರಿಸಿ
ತನ್ನ ಗುರುತು ಹೇಳಿತು.

ಹಿಂದೆಯೇ ರಿಕ್ಷಾ ಇಳಿದರು ಫ್ರೇನಿ ಬಾಯಿ,
ಕ್ಯಾಂಪಿನಲ್ಲಿ ಮೂವತ್ತು ವರ್ಷ ಹಲ್ಲು ಕಿತ್ತವರು,
ಅಪ್ಪನ ಗಾಡಿಯನ್ನು ಅರವತ್ತೊಂದನೇ ವಯಸ್ಸಿಗೆ
ಕಿಕ್ ಹೊಡೆದು ಎಬ್ಬಿಸಿ
ಒಬ್ಬರೇ ಯುರೋಪು ಸುತ್ತಿ ಬಂದವರು.
ಫೋನು ಚಾಚಿದರು: ನೋಡು ಲಾಲಸಾಬ,
ಬೆಟ್ಟ, ಸರೋವರ, ಚರ್ಚಿನ ಗಂಟೆ.
ನೋಡಿದೆ. ಚೆನ್ನಾಗಿದ್ದವು,
ಕ್ಯಾಲೆಂಡರಿನಲ್ಲಿ ಇರುತ್ತವಲ್ಲ, ಹಾಗೆ.

ಇಂಡಿಯಿಂದ ಪುಣೆ,
ಪುಣೆಯಿಂದ ಒಮ್ಮೆ ನಾಸಿಕ, ಅದೂ ಮದುವೆಗೆ.
ಇಷ್ಟೇ ನನ್ನ ಪ್ರವಾಸ.
ನನಗೆ ದೇಶ ಕಾಣುವುದು ಗಾಡಿ ಬಿಚ್ಚಿದಾಗ.

ಹಿಂಬ್ರೇಕಿನ ಲೈನರು ಉಗುರಿನಷ್ಟು ತೆಳ್ಳಗೆ:
ಇಳಿಜಾರು, ತಿರುವು, ಮತ್ತೆ ಇಳಿಜಾರು,
ಬಾಯಿಯ ಎಡಗಾಲು ಗಂಟೆಗಟ್ಟಲೆ ನಡುಗಿದೆ.
ಮಡ್‌ಗಾರ್ಡಿನ ಒಳಗೆ ಬೂದು ಮಣ್ಣು, ಅದರ ಮೇಲೆ ಕೆಂಪು,
ನಡುವೆ ಅಂಟಿದ ಒಂದು ಹುಲ್ಲಿನ ಎಸಳು.
ಕಾರ್ಬ್ಯುರೇಟರಿನ ಸೂಜಿ ಒಂದು ಕಚ್ಚು ಕೆಳಗಿದೆ:
ಗಾಳಿ ತೆಳುವಾಗುವ ಎತ್ತರದಲ್ಲಿ
ಪೆಟ್ರೋಲು ಕಡಿಮೆ ಮಾಡಿದ್ದಾರೆ.
ನಾನು ಹೇಳಿಕೊಟ್ಟದ್ದು, ಮರೆತಿಲ್ಲ.

ಈ ನಟ್ಟುಗಳಿಗೆ ಈಗಿನ ಪಾನಾ ಕೂಡುವುದಿಲ್ಲ.
ಸತ್ತ ಅಳತೆ. ದಗಡೂ ಮಿಸ್ತ್ರಿ ಬಿಟ್ಟುಹೋದ
ಹನ್ನೊಂದು ಪಾನಾ ಎಣ್ಣೆಬಟ್ಟೆಯಿಂದ ತೆಗೆದು
ಮ್ಯಾಗ್ನೆಟೋದ ಮುಚ್ಚಳ ಬಿಚ್ಚಿದೆ.

ಕೈ ಅಲ್ಲೇ ನಿಂತಿತು.

ಕಂಪನಿಯ ಬ್ರಷ್ ಇರಬೇಕಾದ ತೂತಿನಲ್ಲಿ
ಟಾರ್ಚಿನ ಸೆಲ್ಲಿನ ಹೊಟ್ಟೆಯ ಕರಿ ಕಡ್ಡಿ,
ಅರದಿಂದ ಉಜ್ಜಿ, ತುದಿ ಗುಂಡಗೆ ಮಾಡಿ,
ಬುಡಕ್ಕೆ ಚಾಕಲೇಟಿನ ಬೇಗಡೆ ಮಡಿಸಿ ಇಟ್ಟದ್ದು.

ಬಾಯಿ, ಇದು ಯಾರ ಕೆಲಸ?

ಸ್ಲೊವೇನಿಯಾ, ಅಂದರು. ಮಳೆ. ಎಂಜಿನ್ ಸತ್ತಿತು.
ಹಾಲಿನ ಕ್ಯಾನು ಸಾಲಾಗಿಟ್ಟ ಒಂದು ಶೆಡ್ಡು,
ಹುಲ್ಲು ಕೊಯ್ಯುವ ಯಂತ್ರದ ಕೆಳಗಿಂದ
ಒಬ್ಬ ಎದ್ದು ಬಂದ.
ಅವನ ಮಾತು ನನಗಿಲ್ಲ, ನನ್ನದು ಅವನಿಗಿಲ್ಲ.
ದುಡ್ಡು ಮುಟ್ಟಲಿಲ್ಲ. ಲೋನಾವಳಾ ಚಿಕ್ಕಿ ಕೊಟ್ಟೆ,
ಎರಡು ತಿಂದ,
ಮೂರನೆಯದು ಕಾಗದದಲ್ಲಿ ಸುತ್ತಿ
ಯಾರಿಗೋ ಎತ್ತಿಟ್ಟ.

ಕಡ್ಡಿಯನ್ನು ಬಿಸಿಲಿಗೆ ಹಿಡಿದೆ.
ಅರದ ಗೀರುಗಳೆಲ್ಲ ಎಡಕ್ಕೆ ವಾಲಿದ್ದವು.
ಎಡಗೈಯವನು.
ಒಂದು ಕೂದಲಷ್ಟು ಗಿಡ್ಡ ಉಜ್ಜಿಬಿಟ್ಟು
ಆಮೇಲೆ ಬೇಗಡೆ ಇಟ್ಟು ಸರಿಮಾಡಿದ್ದಾನೆ.
ದಗಡೂ ಕಂಡಿದ್ದರೆ ಬೈಯುತ್ತಿದ್ದ:
ಇದೇ ಕಡ್ಡಿ, ಇದೇ ತಪ್ಪಿಗೆ
ಹದಿನಾರರ ನನ್ನ ಬೆನ್ನಿಗೆ ಬಿದ್ದಿತ್ತು ಅವನ ಕೈ.
ಸ್ಪೇರು ಸಿಗದ ಊರಿಗೆ ಸೆಲ್ಲೇ ದೇವರು, ಅಂತಿದ್ದ.
ಅವನಿಗೆ ಅಲ್ಲಿ ಹೇಳಿಕೊಟ್ಟ ದಗಡೂ ಯಾರೋ.

ಬಾಯಿ ಇಂಗ್ಲೆಂಡಿನಿಂದ ಹೊಸ ಬ್ರಷ್ ತಂದಿದ್ದರು,
ಪ್ಯಾಕೆಟ್ಟು ಒಡೆಯದೆ ಕೈಗಿಟ್ಟು ಹೋದರು.
ಶಟರ್ ಎಳೆಯುವ ಹೊತ್ತಿಗೆ
ಹಳೆಯ ಕಡ್ಡಿಯನ್ನೇ ತೂತಿಗೆ ಇಳಿಸಿದೆ.
ಒಂದು ಕಿಕ್ಕು. ಎರಡು.
ಮೂರನೆಯದಕ್ಕೆ ತಗಡೆಲ್ಲ ಅದುರಿ
ಮೇಲಿನ ಮನೆಯ ಶೇವಂತಾಬಾಯಿ ಕಿಟಕಿಗೆ ಬಂದು
ನನ್ನ ವಂಶ ಉದ್ಧಾರ ಮಾಡಿದಳು.

ಕ್ವಾರ್ಟರ್ ಗೇಟಿನವರೆಗೆ ಎಂದು ಹೊರಟೆ.
ಹಡಪಸರ ದಾಟಿತು.
ಸೋಲಾಪುರದ ರಸ್ತೆ, ಎದುರಿಗೆ ಕಬ್ಬಿನ ಲಾರಿ,
ಎದೆಗೆ ಹೊಡೆಯುವ ತಂಪು,
ಹೀಗೇ ಹೋದರೆ ಬೆಳಗಿಗೆ ಇಂಡಿ.
ಲೋಣಿಯಲ್ಲಿ ಒಂದು ಚಹಾ ಕುಡಿದೆ,
ಗಾಡಿ ಆರಿಸದೆ,
ಕಡ್ಡಿಯ ಮೇಲೆ ಭರವಸೆ ಇಲ್ಲದೆ ಅಲ್ಲ,
ಆ ಸದ್ದು ನಿಲ್ಲಿಸಲು ಮನಸ್ಸಾಗದೆ.

ಮರುದಿನ ಹೊಸ ಬ್ರಷ್ ಹಾಕಿದೆ.
ಬಿಲ್ಲು ಪೂರಾ ಬರೆದೆ: ಲೈನರು, ಕ್ಲಚ್ಚಿನ ಬೂಚು,
ಕೂಲಿ ನಾಲ್ಕು ಸಾವಿರದ ಇನ್ನೂರು.
ಅವನಂತೆ ಚಿಕ್ಕಿಗೆ ದುಡಿಯಲಾರೆ, ಅಂಗಡಿಗೆ ಬಾಡಿಗೆಯಿದೆ.

ಬಾಯಿ ಕನ್ನಡಕ ಏರಿಸಿ
ಬಿಲ್ಲು ಬಿಟ್ಟು ಮೀಟರು ಓದಿದರು.
ಇಪ್ಪತ್ತೆರಡು ಮೈಲಿ ಜಾಸ್ತಿ ಇದೆಯಲ್ಲ, ಲಾಲಸಾಬ?

ಟ್ರಯಲ್, ಬಾಯಿ, ಅಂದೆ.
ಜೇಬಿನಲ್ಲಿ ಕಡ್ಡಿ ಬೆರಳಿಗೆ ಮಸಿ ಹಚ್ಚುತ್ತಿತ್ತು.